ನಾಲ್ಕು ಗುಳಿಗೆ ಆರ್ನಿಕಾ

ನವೆಂಬರ್ 11, ಸೋಮವಾರ

ನಮ್ಮ ಡಾಕ್ಟರರು ಇವತ್ತು ಬಿದ್ದರು. ಬಿದ್ದ ಜಾಗದಿಂದ ಎಬ್ಬಿಸುವುದಕ್ಕೂ ಬಿಡಲಿಲ್ಲ, ಮೊದಲು ಆರ್ನಿಕಾ ಕೇಳಿದರು.

ಅಂಗಳದ ಫರಸಿ ತೊಳೆದಿದ್ದೆ. ಈ ಶಹಾಬಾದಿನ ಕಲ್ಲು ಒಣಗಿದ್ದಾಗ ಕಲ್ಲು, ಒದ್ದೆಯಾದರೆ ಸಾಬೂನು. ಇಲ್ಲೇ ಹುಟ್ಟಿ ಇಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ ಮನುಷ್ಯನಿಗೆ ಅಷ್ಟಾದರೂ ಗೊತ್ತಿರಬೇಕು. "ಹಸಿ ಅದ, ನಿಂದರ್ರಿ" ಎಂದು ನಾನು ಒಳಗಿನಿಂದ ಕೂಗುವುದಕ್ಕೂ ಅವರು ಮೆಟ್ಟಿಲ ಕೆಳಗೆ ಎಡಮಗ್ಗುಲಿಗೆ ಮಲಗುವುದಕ್ಕೂ ಸರಿಹೋಯಿತು. ಮುಖ ಬಿಳುಚಿತ್ತು. ಓಡಿಹೋಗಿ ಕಂಕುಳಿಗೆ ಕೈ ಹಾಕಿದರೆ, "ನನ್ನ ಎತ್ತಬ್ಯಾಡ. ಆರ್ನಿಕಾ ಥರ್ಟಿ ತಾ. ಮ್ಯಾಲಿನ ಕಪಾಟ, ಎರಡನೇ ಸಾಲು" ಎಂದರು.

ಆರ್ನಿಕಾ ಎಂದರೇನೆಂದು ನನಗೆ ನಾನೇ ಇನ್ನೊಮ್ಮೆ ಬರೆದುಕೊಳ್ಳುತ್ತೇನೆ, ಸಿಟ್ಟಾದರೂ ಇಳಿಯಲಿ. ಯುರೋಪಿನ ತಂಪು ಬೆಟ್ಟಗಳ ಹುಲ್ಲುಗಾವಲಿನಲ್ಲಿ ವರ್ಷವರ್ಷವೂ ಅದೇ ಬೇರಿನಿಂದ ಚಿಗುರಿ ಬರುವ ಒಂದು ಹಳದಿ ಹೂವು. ನಮ್ಮ ಸೇವಂತಿಗೆ, ಕುಸುಬೆಗಳ ಬಳಗದ್ದು. ಅದನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಒಂದು ಹನಿ ತೆಗೆದು, ತೊಂಬತ್ತೊಂಬತ್ತು ಹನಿ ಸ್ಪಿರಿಟ್ಟಿಗೆ ಬೆರೆಸಿ ಕುಲುಕುತ್ತಾರೆ. ಅದರಿಂದ ಒಂದು ಹನಿ ತೆಗೆದು ಮತ್ತೆ ತೊಂಬತ್ತೊಂಬತ್ತಕ್ಕೆ ಬೆರೆಸುತ್ತಾರೆ. ಮೂವತ್ತು ಸಲ ಹೀಗೆ ಮಾಡಿದರೆ ಥರ್ಟಿ, ಇನ್ನೂರು ಸಲ ಮಾಡಿದರೆ ಟೂ ಹಂಡ್ರೆಡ್. ಅಷ್ಟರಲ್ಲಿ ಬಾಟಲಿಯಲ್ಲಿ ಹೂವಿರಲಿ, ಹೂವಿನ ನೆರಳೂ ಉಳಿದಿರುವುದಿಲ್ಲ. ಅದನ್ನು ಸಕ್ಕರೆ ಗುಳಿಗೆಯ ಮೇಲೆ ಹನಿಸಿ ಪೆಟ್ಟು ಬಿದ್ದವರಿಗೆಲ್ಲ ಕೊಡುತ್ತಾರೆ. ಎಷ್ಟು ಕಡಿಮೆಯೋ ಅಷ್ಟು ಶಕ್ತಿ ಹೆಚ್ಚಂತೆ. ಮಳಖೇಡದ ಹತ್ತಿರ ಕಾಗಿಣಾ ಹೊಳೆಗೆ ಒಂದು ಚಿಟಿಕೆ ಉಪ್ಪು ಉದುರಿಸಿ, ಶಹಾಬಾದಿನಲ್ಲಿ ಅದೇ ನೀರು ತುಂಬಿ ಬೇಳೆ ಬೇಯಿಸಿ, ಉಪ್ಪು ಜಾಸ್ತಿಯಾಯಿತು ಎಂದ ಹಾಗೆ.

ಈ ಮಾತನ್ನು ನಾನು ಮದುವೆಯಾದಾಗಿನಿಂದ ಹೇಳುತ್ತಿದ್ದೇನೆ. ಚಿತ್ತಾಪುರದ ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿ, ಹೆಡ್ ನರ್ಸ್ ಆಗಿ ರಿಟೈರ್ ಆದ ಈ ಅನಸುಬಾಯಿಗೆ ಗಂಡನಾಗಿ ಸಿಕ್ಕಿದ್ದು ಹೋಮಿಯೋಪತಿ ಡಾಕ್ಟರ್ ಭೀಮಶ್ಯಾ. ನಾನು ಊರಿಗೆಲ್ಲ ಔಷಧಿ ಕೊಟ್ಟೆ, ಅವರು ಊರಿಗೆಲ್ಲ ಸಕ್ಕರೆ ಕೊಟ್ಟರು.

ತಂದುಕೊಟ್ಟೆ. ನಾಲ್ಕು ಗುಳಿಗೆ ನಾಲಿಗೆಯ ಕೆಳಗಿಟ್ಟುಕೊಂಡ ಮೇಲೆಯೇ ಎತ್ತಲು ಬಿಟ್ಟರು.

ನವೆಂಬರ್ 12, ಮಂಗಳವಾರ

ಎಡಗಾಲಿನ ಮೇಲೆ ಭಾರ ಬಿಡುವುದಿಲ್ಲ. ತೊಡೆಯ ಸಂದಿನಲ್ಲಿ ಒತ್ತಿದರೆ ತುಟಿ ಕಚ್ಚುತ್ತಾರೆ. ಟೊಂಕದ ಕೀಲಿನ ಎಲುಬು ಬಿರುಕು ಬಿಟ್ಟಿದೆ ಎಂದು ನನ್ನ ಕೈಗೆ ನಿನ್ನೆಯೇ ಗೊತ್ತಾಗಿದೆ. ಅಂಥವರನ್ನು ಎಷ್ಟು ಜನರನ್ನು ಹೊರಳಿಸಿದ ಕೈ ಇದು.

"ಎಕ್ಸ್‌ರೇ ತಗಸೋಣ ನಡೀರಿ" ಎಂದೆ.

"ಬರೇ ಪೆಟ್ಟು ಅದು. ನೋಡು, ಹಿಮ್ಮಡಿ ಎತ್ತಾಕ ಬರ್ಲಿಕತ್ತದ." ಎತ್ತಿದರು. ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು.

"ಇವತ್ತು ಬಿರುಕು ಅದ. ನಾಳಿ ಜರಗತದ. ಆಮ್ಯಾಲ ಹೊರಳಾಕೂ ಬರೂದಿಲ್ಲ."

"ಎಕ್ಸ್‌ರೇ ಎಲುಬು ನೋಡ್ತದ, ಮನಷ್ಯಾನ್ನ ನೋಡೂದಿಲ್ಲ."

ಇಂಥ ಮಾತಿಗೆ ಏನು ಹೇಳಬೇಕು? ಅವರ ಮಂಚದ ಎದುರಿನ ಗೋಡೆಗೆ ಔಷಧಿ ಕಂಪನಿಯವರು ಕೊಟ್ಟ ಹಳೆಯ ಕ್ಯಾಲೆಂಡರ್ ಇದೆ. ಅದರಲ್ಲಿ ಇಡೀ ಬೆಟ್ಟದ ತುಂಬ ಆರ್ನಿಕಾ ಹೂವು, ಹಿಂದೆ ಹಿಮ. ವರ್ಷ ಮುಗಿದು ಎಷ್ಟೋ ವರ್ಷವಾದರೂ ಅದನ್ನು ತೆಗೆಯಲು ಬಿಟ್ಟಿಲ್ಲ. ಒಂದು ಸಲವೂ ಆ ಹೂವನ್ನು ಕಣ್ಣಾರೆ ನೋಡಿದವರಲ್ಲ. ಸುಣ್ಣಕಲ್ಲಿನ ಈ ನೆಲದಲ್ಲಿ ಅದರ ಬೀಜ ಹಾಕಿದರೆ ಮೊಳಕೆಯೂ ಮುಖ ತಿರುಗಿಸಿಕೊಂಡೀತು. ಹಳದಿ ಹೂವೇ ಬೇಕಿದ್ದರೆ ಆಡಕಿ ಊರಿನ ಕಡೆ ಹೋಗಿ ನಿಲ್ಲಲಿ, ಕುಸುಬೆ ಹೂಬಿಟ್ಟಾಗ ಹೊಲವೆಲ್ಲ ಅದೇ.

ಸಂಜೆ ಹೊಸ ಹುಕುಂ ಬಂತು. ಕ್ಲಿನಿಕ್ ಮುಚ್ಚಬಾರದಂತೆ, ನಾನು ಕೂರಬೇಕಂತೆ. ಆಗುವುದಿಲ್ಲ ಎಂದೆ. ಸಕ್ಕರೆ ಮಾರುವುದಿದ್ದರೆ ಕಿರಾಣಿ ಅಂಗಡಿ ಇಡುತ್ತೇನೆ ಎಂದೆ.

ನವೆಂಬರ್ 13, ಬುಧವಾರ

ಕೂತೆ. ವಾಡಿಯಿಂದ ರೈಲು ಹಿಡಿದು ಬಂದವರು ಬಾಗಿಲಲ್ಲಿ ನಿಂತಿದ್ದರು, ರಾವೂರಿನ ಒಬ್ಬ ಮುದುಕಿ ಮೆಟ್ಟಿಲ ಮೇಲೆ ಕೂತೇಬಿಟ್ಟಿದ್ದಳು. ಏನು ಮಾಡಲಿ?

ಇಡೀ ದಿನ ಸರ್ಕಸ್. ಕ್ಲಿನಿಕ್ ಎಂದರೆ ನಮ್ಮ ಮುಂದಿನ ಕೋಣೆ, ಡಾಕ್ಟರರ ಮಂಚ ಒಳಗಿನ ಕೋಣೆಯಲ್ಲಿ, ನಡುವೆ ಒಂದು ಪರದೆ. ಮುಂದಿನಿಂದ ನಾನು ಪೇಶಂಟಿನ ಕಷ್ಟ ಕೂಗಿ ಹೇಳಬೇಕು, ಒಳಗಿನಿಂದ ಅವರು ಪ್ರಶ್ನೆ ಕೂಗಬೇಕು. ಅಲೋಪತಿಯಲ್ಲಿ ಎಲ್ಲಿ ನೋವು ಎಂದು ಕೇಳುತ್ತೇವೆ, ಮುಗಿಯಿತು. ಇವರಿಗೆ ನೋವೊಂದನ್ನು ಬಿಟ್ಟು ಬೇರೆಲ್ಲ ಬೇಕು. ಗುಡುಗಿಗೆ ಅಂಜಿಕೆಯೇ? ಉಪ್ಪು ಹೆಚ್ಚು ಬೇಕೆನಿಸುತ್ತದೆಯೇ? ಕನಸಿನಲ್ಲಿ ಏನು ಕಾಣುತ್ತದೆ?

ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಲೋಡಿಂಗ್ ಮಾಡುವ ಜಟ್ಟೆಪ್ಪ ಹೆಗಲು ನೋವೆಂದು ಬಂದಿದ್ದ.

"ಯಾವ ಮಗ್ಗಲಿಗಿ ಮಲಗ್ತಾನ ಕೇಳು" ಒಳಗಿನಿಂದ ಧ್ವನಿ.

"ಯಾವ ಮಗ್ಗಲಿಗಿ ಮಲಗ್ತಿಯೋ ಜಟ್ಟೆಪ್ಪಾ?"

"ಮನ್ಯಾಗ ಆರು ಮಂದಿ ಅದೀವ್ರಿ ಸಿಸ್ಟರಮ್ಮ. ಜಾಗಾ ಸಿಕ್ಕ ಮಗ್ಗಲಿಗಿ."

ನಾನು ನಕ್ಕೆ. ಒಳಗಿನಿಂದ ಬೈಗುಳ ಬಂತು. "ನಗಬ್ಯಾಡ. ಪೇಶಂಟ್ ಹೇಳೂದು ಮುಗಿಯೂತನಕ ನಡುವ ಬಾಯಿ ಹಾಕಬ್ಯಾಡ, ನಗಬ್ಯಾಡ. ಅದು ಡಾಕ್ಟರನ ಧರ್ಮ." ಆಮೇಲೆ ಆರ್ನಿಕಾ ಕೊಡಲು ಹೇಳಿದರು. ಅದಕ್ಕೆ ಇಷ್ಟೆಲ್ಲ ಯಾಕೆ ಬೇಕಿತ್ತೋ.

ಮಧ್ಯಾಹ್ನ ರೊಟ್ಟಿ ಜೊತೆ ದೊಡ್ಡ ಉಳ್ಳಾಗಡ್ಡಿ ಒಡೆದುಕೊಂಡು ಅವರ ಎದುರಿಗೇ ತಿಂದೆ. ಉಳ್ಳಾಗಡ್ಡಿಯ ವಾಸನೆಗೆ ಅವರ ಔಷಧಿಯ ಶಕ್ತಿ ಹೋಗುತ್ತದಂತೆ. ಉಳ್ಳಾಗಡ್ಡಿಗೆ ಹೆದರುವ ಶಕ್ತಿ ಎಲುಬು ಕೂಡಿಸುತ್ತದೆಯೇ?

ನವೆಂಬರ್ 15, ಶುಕ್ರವಾರ

ಮಾತಾಡಿಸಲು ಬರುವವರ ಸಾಲು. ಲೋಕದಲ್ಲಿ ಎಲ್ಲರೂ ಬೀಮಾರ ಮನುಷ್ಯನಿಗೆ ಬಾಳೆಹಣ್ಣು, ಬ್ರೆಡ್ ತರುತ್ತಾರೆ. ನಮ್ಮ ಮನೆಗೆ ಆರ್ನಿಕಾ ತರುತ್ತಿದ್ದಾರೆ. ಇವರೇ ಹಿಂದೆ ಯಾವಾಗಲೋ ಕೊಟ್ಟಿದ್ದನ್ನು ಟ್ರಂಕಿನಲ್ಲಿ, ದೇವರ ಗೂಡಿನಲ್ಲಿ, ಅಕ್ಕಿ ಡಬ್ಬಿಯಲ್ಲಿ ಜೋಪಾನ ಮಾಡಿಟ್ಟು ಈಗ ಇವರಿಗೇ ವಾಪಸ್ ತರುತ್ತಿದ್ದಾರೆ. ಎದುರು ಮನೆಯ ರಶೀದಾಬೇಗಂ ಕೌದಿ ಹೊಲಿಯುವ ಕೈಯಿಂದ ಒಂದು ಸಣ್ಣ ಶೀಶೆ ತೆಗೆದು, "ಡಾಕ್ಟರ್ ಸಾಬ್, ನಮ್ ಮಗಳು ಮಾಳಗಿ ಮ್ಯಾಲಿಂದ ಬಿದ್ದಾಗ ನೀವೇ ಕೊಟ್ಟಿದ್ದು. ಜರಾ ಉಳಿಸಿ ಇಟ್ಟೀನಿ. ತಗೋರಿ, ಆರಾಮ್ ಆಗ್ತದ" ಎಂದಳು. ಡಾಕ್ಟರರ ಕಣ್ಣು ಒದ್ದೆಯಾಯಿತು. ಆ ಮಗಳಿಗೆ ಈಗ ಎರಡು ಮಕ್ಕಳು.

ಜಟ್ಟೆಪ್ಪ ಇನ್ನೊಂದು ಉಪಾಯ ತಂದಿದ್ದ. "ಚಿಂಚೋಳಿ ಕಡಿ ಒಬ್ಬ ಎಲುಬು ಕಟ್ಟಾವ ಇದ್ದಾನ್ರಿ. ತತ್ತಿ ಬಡದು, ಬಿದರಿನ ಚಕ್ಕಿ ಇಟ್ಟು ಕಟ್ತಾನ. ಗಾಡಿ ತರ್ಲೇನ್ರಿ?"

ನಮ್ಮ ಡಾಕ್ಟರರು ಮಲಗಿದಲ್ಲೇ ತಲೆ ಎತ್ತಿದರು. "ಮೂಢನಂಬಿಕಿ ಅದು ಜಟ್ಟೆಪ್ಪ. ಇವತ್ತಿನ ಕಾಲದಾಗ ಅಂಥದ್ದೆಲ್ಲ ನಂಬಬಾರ್ದು."

ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ನವೆಂಬರ್ 16, ಶನಿವಾರ

ವಾಡಿಯ ಒಬ್ಬ ಹೆಂಗಸು, ತಲೆನೋವು. ಒಳಗಿನಿಂದ ಪ್ರಶ್ನೆ ಬರಲಿಲ್ಲ, ಡಾಕ್ಟರರಿಗೆ ಜೋಂಪು ಹತ್ತಿತ್ತು. ನೋವು ಯಾವ ಹೊತ್ತಿಗೆ ಶುರುವಾಗುತ್ತದೆ ಎಂದು ಸುಮ್ಮನೆ ಕೇಳಿದೆ. ಗಂಡ ಡ್ಯೂಟಿ ಮುಗಿಸಿ ಬರುವ ರೈಲು ಕೂಗಿದಾಗ ಎಂದಳು. ಅಲ್ಲಿಂದ ಶುರುಮಾಡಿ ಅತ್ತೆ, ಬಾಡಿಗೆ ಮನೆ, ಸತ್ತುಹೋದ ಕೂಸು, ಎಲ್ಲ ಹೇಳಿದಳು. ಅವಳು ಎದ್ದಾಗ ಒಲೆಯ ಮೇಲಿನ ಬೇಳೆ ತಳ ಹಿಡಿದಿತ್ತು. ಬಿಪಿ ನೋಡಿ ದವಾಖಾನೆಗೆ ಚೀಟಿ ಬರೆದುಕೊಟ್ಟೆ, ಅದಕ್ಕೆ ಎರಡು ನಿಮಿಷ ಸಾಕಿತ್ತು. ಉಳಿದ ಹೊತ್ತೆಲ್ಲ ದಂಡ. ಹೋಗುವಾಗ ತಲೆ ಹಗುರಾಗಿದೆ ಎಂದಳು. ಗುಳಿಗೆ ಕೊಡುವುದನ್ನೇ ಮರೆತಿದ್ದೆ.

ನವೆಂಬರ್ 17, ಭಾನುವಾರ

ಡಾಕ್ಟರರು ಆರ್ನಿಕಾ ಟೂ ಹಂಡ್ರೆಡ್‌ಗೆ ಏರಿದ್ದಾರೆ.

ನಾಟಕ ನೋಡಬೇಕು ಇವರದು. ನಾನು ಕೋಣೆಯಲ್ಲಿದ್ದರೆ ಮುಗುಳ್ನಗೆ. ಅಡುಗೆಮನೆಗೆ ಹೋದರೆ ನರಳುವ ಸದ್ದು. ತಿರುಗಿ ಬಂದರೆ ಮತ್ತೆ ಮುಗುಳ್ನಗೆ. ಇವತ್ತು ಬೇಕೆಂದೇ ಹೋಗಿ ಬಂದು ಮಾಡಿ ನೋಡಿದೆ, ಪ್ರತಿ ಸಲವೂ ಹಾಗೇ.

ಲುಂಬಿನಿ ಸೇಡಂನಿಂದ ಬಂದಿದ್ದಳು. ಹೈಸ್ಕೂಲಿನಲ್ಲಿ ಸೈನ್ಸ್ ಹೇಳುವ ಮಗಳು, ಅಪ್ಪನಿಗೆ ನಾಲ್ಕು ಮಾತು ಹೇಳಿ ಒಪ್ಪಿಸುತ್ತಾಳೆ ಎಂದುಕೊಂಡಿದ್ದೆ. ಅಪ್ಪನ ಹತ್ತಿರ ಕೂತು ಬಂದವಳು ನನಗೇ ಪಾಠ ಹೇಳಿದಳು.

"ಅವ್ವಾ, ಅಪ್ಪಗ ದವಾಖಾನಿಗಿ ಹೋಗ್ಬೇಕಂತ ಮನಸಿನ್ಯಾಗ ಅದ. ನಿನ್ನ ಮುಂದ ಹೋಗಾಕ ಆಗವಲ್ದು."

"ನನ್ನ ಮುಂದ ಅಂದ್ರ?"

"ನಿನ್ನ ರಿಟೈರ್‌ಮೆಂಟ್ ಫಂಕ್ಷನ್‌ದಾಗ ನೀ ಸ್ಟೇಜಿನ ಮ್ಯಾಲ ಏನಂದಿದ್ದಿ? ನಮ್ಮ ಮನ್ಯಾಗ ಎರಡು ದವಾಖಾನಿ ಅವ, ಒಂದರಾಗ ರೋಗ ಹೋಗ್ತದ, ಇನ್ನೊಂದರಾಗ ಇರಿವಿ ಬರ್ತಾವ ಅಂದಿ. ಇಡೀ ಹಾಲ್ ನಕ್ಕಿತ್ತು."

"ನಿಮ್ಮಪ್ಪನೂ ನಕ್ಕಿದ್ದರು. ಎಲ್ಲರಕಿಂತ ಜೋರು."

ಲುಂಬಿನಿ ನನ್ನ ಮುಖ ನೋಡಿದಳು. ಪುಂಡಿಪಲ್ಯ ಕಟ್ಟಿಸಿಕೊಂಡು ನಾಲ್ಕರ ಬಸ್ಸಿಗೆ ಹೋದಳು. ಅಪ್ಪನ ಎಲುಬು ಮುರಿದರೆ ತಪ್ಪು ಅವ್ವನದು. ಸೈನ್ಸ್ ಟೀಚರ್ ಅಂತೆ.

ನವೆಂಬರ್ 20, ಬುಧವಾರ

ಆಗಬಾರದ್ದು ಆಯಿತು.

ಬೆಳಗ್ಗೆ ರಶೀದಾಬೇಗಂ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಜ್ವರ, ಕೆಮ್ಮು. ಕೂಸಿನ ಅಂಗಿ ಎತ್ತಿ ನೋಡಿದೆ, ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಸಂದಿ ಒಳಗೆ ಹೋಗುತ್ತಿತ್ತು. ನನಗೆ ರೇಗಿತು.

"ಇಲ್ಲಿ ಯಾಕ ತಂದಿ? ಇದು ನ್ಯುಮೋನಿಯಾ. ಈಗಿಂದೀಗ ದೊಡ್ಡ ದವಾಖಾನಿಗಿ ಒಯ್ಯಿ. ಈ ಸಕ್ಕರಿ ಚೀಪಿಸಿಕೋತ ಕುಂತ್ರ ಕೂಸು ಕೈ ಬಿಟ್ಟು ಹೋಗ್ತದ."

ಅವಳು ಹೆದರಿ ಆಟೋ ಹಿಡಿಯಲು ಓಡಿದಳು. ಒಳಗಿನಿಂದ ಡಾಕ್ಟರರ ಧ್ವನಿ ಬಂತು. ಅಷ್ಟು ದೊಡ್ಡ ಧ್ವನಿಯನ್ನು ನಾನು ಈ ಮನೆಯಲ್ಲಿ ಕೇಳಿರಲಿಲ್ಲ.

"ಅನಸೂ, ನಾನೂ ಅದೇ ಹೇಳ್ತಿದ್ದೆ. ಅಂಥಾ ಕೂಸಿಗಿ ಗುಳಗಿ ಕೊಟ್ಟು ಯಾವತ್ತು ಕುಂಡ್ರಿಸೀನಿ ನಾನು? ಯಾವತ್ತು? ಅದನ್ನ ಹೇಳು."

ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಮಂಚ ಕಿರುಗುಟ್ಟಿತು. ಪರದೆ ಸರಿಸಿ ನೋಡಿದರೆ ಗೋಡೆ ಹಿಡಿದು ಎದ್ದು ನಿಂತಿದ್ದರು. ಕ್ಲಿನಿಕ್ಕಿಗೆ ಬಂದು ಎಲ್ಲರೆದುರು ಹೇಳಲು ಹೊರಟಿದ್ದರು. ಎಡಗಾಲು ಊರಿದರು. ಟಕ್ ಎಂಬ ಸದ್ದು ನನಗೂ ಕೇಳಿಸಿತು. ಕುಸಿಯುತ್ತಿದ್ದವರನ್ನು ಹಿಡಿದು ಮಂಚಕ್ಕೆ ಹಾಕಿದೆ. ಈಗ ಎಡಗಾಲು ಬಲಗಾಲಿಗಿಂತ ಗಿಡ್ಡ ಕಾಣುತ್ತದೆ, ಪಾದ ಹೊರಗೆ ತಿರುಗಿ ಬಿದ್ದಿದೆ. ಎಕ್ಸ್‌ರೇ ಬೇಡ, ಕುರುಡರಿಗೂ ತಿಳಿಯುತ್ತದೆ.

ಅವರು ಹೇಳಿದ್ದು ಖರೇ. ಅಂಥ ಮಕ್ಕಳನ್ನು ಅವರು ಚೀಟಿ ಬರೆದು ನಮ್ಮ ದವಾಖಾನೆಗೇ ಕಳಿಸುತ್ತಿದ್ದರು. ಎಷ್ಟೋ ಚೀಟಿ ನಾನೇ ತೆಗೆದುಕೊಂಡಿದ್ದೇನೆ. ಅದು ಬೇರೆ ಮಾತು.

ನೋವಿಗೆ ನಮ್ಮ ದವಾಖಾನೆಯ ಹಳೆಯ ಡಾಕ್ಟರರಿಗೆ ಫೋನ್ ಮಾಡಿ ಕೇಳಿ ಸೂಜಿ ತರಿಸಿದೆ. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಗೋಡೆ ಕಡೆ ಮುಖ ತಿರುಗಿಸಿ ತೋಳು ಕೊಟ್ಟರು. "ಯಾವ ಸೂಜಿ ಅಂತ ಹೇಳಬ್ಯಾಡ" ಎಂದರು. ಸ್ವಲ್ಪ ಹೊತ್ತಿಗೆ, "ಹೊರಗ ಯಾರಿಗೂ ಹೇಳಬ್ಯಾಡ" ಎಂದರು.

ನನ್ನ ಜೀವಮಾನದಲ್ಲಿ ಸೂಜಿ ಹಾಕಿದ ಮೇಲೆ ಹತ್ತಿ ಒತ್ತುವುದನ್ನು ಮರೆತದ್ದು ಇವತ್ತೇ. ವಯಸ್ಸಾಯಿತು.

ನವೆಂಬರ್ 21, ಗುರುವಾರ

ಆ್ಯಂಬುಲೆನ್ಸ್ ಬಂತು, ಹಾಗೇ ವಾಪಸ್ ಹೋಯಿತು. ಒಪ್ಪಲಿಲ್ಲ.

ಇಂಥವರನ್ನು ವಾರ್ಡಿನಲ್ಲಿ ನೋಡಿದ್ದೇನೆ. ಆಪರೇಶನ್ ಬೇಡವೆಂದು ಮನೆಗೆ ಒಯ್ಯುತ್ತಾರೆ. ಮೊದಲು ಬೆನ್ನಿನ ಚರ್ಮ ಕೆಂಪಾಗುತ್ತದೆ, ಆಮೇಲೆ ಹುಣ್ಣು, ಆಮೇಲೆ ಎದೆಯಲ್ಲಿ ಕಫ ಕಟ್ಟುತ್ತದೆ. ಹಬ್ಬ ಬರುವಷ್ಟರಲ್ಲಿ ಮನುಷ್ಯ ಇರುವುದಿಲ್ಲ. ಇದನ್ನೆಲ್ಲ ಬಿಡಿಸಿ ಹೇಳಿದೆ, ಒಂದೂ ಬಿಡದೆ ಹೇಳಿದೆ. ಕೇಳಿಸಿಕೊಂಡು, "ಆರ್ನಿಕಾ ಒನ್ ಎಂ ತಾ" ಎಂದರು. ಒನ್ ಎಂ ಎಂದರೆ ಸಾವಿರ ಸಲ ಕುಲುಕಿದ್ದು. ಸಾವಿರ ಸಲ.

ಮೈಮೇಲೆ ಹೋದೆ. "ನಾ ಮುಂಡಿ ಆಗೂದು ನೋಡಬೇಕಂತ ಮಾಡೀರೇನು? ಯಾಕ ಒಲ್ಲೆ ಅಂತೀರಿ? ಒಂದು ಕಾರಣ ಹೇಳ್ರಿ."

ಕ್ಯಾಲೆಂಡರಿನ ಬೆಟ್ಟದ ಕಡೆ ತಿರುಗಿದರು. "ಮುಂದಿನ ಕ್ವಾಣಿಯಾಗ ಮಂದಿ ಕುಂತಾರ. ನಾ ಕೊಯ್ಸಿಕೊಳ್ಳಾಕ ಹೋದ್ರ ನಾಳಿ ನನ್ನ ಗುಳಗಿ ಯಾರು ತಗೋತಾರ? ಮತ್ತ ನೀ..." ಎಂದು ನಿಲ್ಲಿಸಿದರು.

"ನಾ ಏನು?"

"ನೀ ನಗ್ತಿ."

ನಗುವುದಿಲ್ಲ ಎಂದೆ. ನಂಬಲಿಲ್ಲ. ಮಹಾ ಹಠಮಾರಿ ಮನುಷ್ಯ. ಹಠವೊಂದೇ ಇವರ ಹತ್ತಿರ ನೀರು ಬೆರೆಸದೆ ಉಳಿದಿರುವುದು.

ಇವರು ಸಾಯಬಾರದು. ಅಷ್ಟೇ. ಬೇರೇನೂ ಬರೆಯಲು ಮನಸ್ಸಿಲ್ಲ.

ನವೆಂಬರ್ 22, ಶುಕ್ರವಾರ

ರೊಟ್ಟಿ ಬಡಿಯುತ್ತಿದ್ದಾಗ ತಲೆಗೆ ಹೊಳೆಯಿತು. ಡಾಕ್ಟರ್ ಆದವನು ತನಗೆ ತಾನೇ ಔಷಧಿ ಮಾಡಿಕೊಳ್ಳಬಾರದು ಎಂದು ಇವರೇ ಎಲ್ಲರಿಗೂ ಹೇಳುತ್ತಾರೆ. ಹಾಗಿದ್ದರೆ ಇವರ ಡಾಕ್ಟರ್ ಯಾರು? ಹತ್ತು ದಿನದಿಂದ ಇವರ ಕೇಸನ್ನು ಯಾರೂ ತೆಗೆದುಕೊಂಡೇ ಇಲ್ಲ. ನಾನು ಬೈದಿದ್ದೇನೆ, ಮಂದಿ ಆರ್ನಿಕಾ ಕೊಟ್ಟಿದ್ದಾರೆ. ಕೇಳಿದವರಿಲ್ಲ.

ಕೈ ತೊಳೆದು ಕ್ಲಿನಿಕ್ಕಿನ ಸ್ಟೂಲು ತಂದು ಮಂಚದ ಪಕ್ಕ ಹಾಕಿಕೊಂಡು ಕೂತೆ. ಅವರ ಪೆನ್ನು, ಅವರ ಕೇಸ್ ಪೇಪರು. ಪರದೆ ತೆಗೆದೇ ಇಟ್ಟೆ. ಮುಂದಿನ ಕೋಣೆಯಲ್ಲಿ ಜಟ್ಟೆಪ್ಪ, ರಶೀದಾಬೇಗಂ, ಇನ್ನೂ ನಾಲ್ಕೈದು ಜನ. ರಶೀದಾಳ ಮೊಮ್ಮಗಳು ದವಾಖಾನೆಯಲ್ಲಿದ್ದಾಳೆ, ಜ್ವರ ಇಳಿದಿದೆಯೆಂದು ಹೇಳಲು ಬಂದಿದ್ದಳು.

"ಹೆಸರು?" ಎಂದೆ.

"ಏನ್ ಹುಚ್ಚಾಟ ಇದು?"

"ಪೇಶಂಟಿನ ಹೆಸರು?"

ಜಟ್ಟೆಪ್ಪ ಕತ್ತು ಚಾಚಿ ನೋಡುತ್ತಿದ್ದ. ಡಾಕ್ಟರರು ಅವನನ್ನೂ ನೋಡಿದರು, ನನ್ನ ಕೈಯಲ್ಲಿನ ಪೆನ್ನನ್ನೂ ನೋಡಿದರು. "ಭೀಮಶ್ಯಾ" ಎಂದರು.

ಎಲ್ಲ ಕೇಳಿದೆ. ನೀರಡಿಕೆ ಎಷ್ಟು, ಬಿಸಿ ಬೇಕೋ ತಂಪು ಬೇಕೋ, ನಿದ್ದೆ ಹೇಗೆ. ಮೊದಮೊದಲು ಒಂದೊಂದೇ ಮಾತಿನ ಉತ್ತರ. ಕನಸು ಕೇಳಿದೆ. ಹಾಸಿಗೆ ಕಲ್ಲಿನ ಹಾಗೆ ಗಟ್ಟಿಯಾಗಿದೆ ಅಂತ ಕನಸಿನಲ್ಲೂ ಅನಿಸುತ್ತದೆ, ಯಾರಾದರೂ ಹತ್ತಿರ ಬಂದರೆ ಮುಟ್ಟಿಬಿಡುತ್ತಾರೋ ಎಂದು ಹೆದರಿಕೆಯಾಗುತ್ತದೆ ಎಂದರು. ಅವರ ಪುಸ್ತಕದಲ್ಲಿ ಆರ್ನಿಕಾಕ್ಕೆ ಬರೆದಿರುವ ಲಕ್ಷಣವೂ ಇದೇ. ಬರೆದುಕೊಂಡೆ.

"ಅಂಜಿಕಿ ಯಾವುದಕ್ಕ?"

ಚಾದರದ ಅಂಚು ಹಿಡಿದು ಮಡಚುತ್ತ ಹೋದರು. ನಾನು ಪೆನ್ನು ಹಿಡಿದು ಕಾದೆ. ನಡುವೆ ಬಾಯಿ ಹಾಕಬಾರದಲ್ಲ.

"ಕೊಯ್ಯೂದಕ್ಕ ಅಂಜಿಲ್ಲ. ಕೊಯ್ಸಿಕೊಂಡು ಬಂದು ಈ ಸ್ಟೂಲಿನ ಮ್ಯಾಲ ಹ್ಯಾಂಗ ಕುಂದ್ರಬೇಕು ಅಂತ ಅಂಜಿಕಿ. ನಗ್ತಾರ."

"ಯಾರು ನಗ್ತಾರ?"

"ಮೊದಲ ಒಬ್ಬಾಕಿ ನಗ್ತಾಳ. ಆಮ್ಯಾಲ ಊರು."

"ಎಷ್ಟು ದಿನದಿಂದ ಅದ ಈ ಅಂಜಿಕಿ?"

"ಭಾಳ ವರ್ಷದಿಂದ ಅದ. ರೂಢಿ ಆಗ್ಯದ."

ಬರೆದುಕೊಂಡೆ. ಅಕ್ಷರ ಕೆಟ್ಟದಾಗಿ ಬಂದಿದೆ, ಪೆನ್ನು ಸರಿಯಿಲ್ಲ. ಕಾಗದ ಮಡಚಿ ತೊಡೆಯ ಮೇಲಿಟ್ಟುಕೊಂಡು, ಮುಂದಿನ ಕೋಣೆಗೂ ಕೇಳುವ ಹಾಗೆ ಹೇಳಿದೆ.

"ಔಷಧಿ ಬರಕೊಡ್ತೀನಿ, ಕೇಳ್ರಿ. ಆರ್ನಿಕಾ, ನಾಕು ಗುಳಗಿ. ಆಪರೇಶನ್‌ಕ ಹೋಗೂಕಿಂತ ಮೊದಲ ಒಂದ್ ಸಲ. ಆಪರೇಶನ್ ಆಗಿ ಎಚ್ಚರ ಆದ ಮ್ಯಾಲ ಒಂದ್ ಸಲ. ಎಲುಬು ಜಾಗಾಕ್ಕ ಕುಂದ್ರಿಸೂದು ಬಡಿಗ್ಯಾನ ಕೆಲಸ, ಅದನ್ನ ಅವರು ಮಾಡ್ಲಿ. ಪೆಟ್ಟು ಮಾಯೂದು ನಮ್ಮ ಕೆಲಸ."

'ನಮ್ಮ' ಎಂದುಬಿಟ್ಟೆ. ಮಾತಿನ ಓಘದಲ್ಲಿ ಬಂತು.

ಜಟ್ಟೆಪ್ಪ ಕೇಳಿದ, "ಆಪರೇಶನ್ ಮಾಡಿಸ್ಕೊಳ್ಳೋರಿಗಿ ಆರ್ನಿಕಾ ಕೊಡ್ತಾರೇನ್ರಿ ಸಿಸ್ಟರಮ್ಮ?"

"ಕೊಡ್ತಾರ. ಅದಿಲ್ಲಂದ್ರ ಗಾಯ ಲಗೂ ಮಾಯೂದಿಲ್ಲ" ಎಂದೆ. ಇಷ್ಟು ದೊಡ್ಡ ಸುಳ್ಳನ್ನು ನಾನು ಸರ್ವೀಸಿನಲ್ಲಿದ್ದಾಗ ಇನ್ಸ್‌ಪೆಕ್ಷನ್ ದಿನವೂ ಹೇಳಿರಲಿಲ್ಲ.

ಡಾಕ್ಟರರು ಕಣ್ಣು ಮುಚ್ಚಿದ್ದರು. "ಯಾವ ಪೊಟೆನ್ಸಿ?" ಎಂದರು.

"ಟೂ ಹಂಡ್ರೆಡ್."

ಸ್ವಲ್ಪ ಯೋಚನೆ ಮಾಡಿದರು. "ಸರಿ ಅದ" ಎಂದರು. ಪರೀಕ್ಷೆಯಲ್ಲಿ ನಾನು ಪಾಸಾದ ಹಾಗೆ. ಆಮೇಲೆ ಮುಂದಿನ ಕೋಣೆಯ ಕಡೆ ತಿರುಗಿ, "ಡಾಕ್ಟರ್ ಹೇಳಿದ್ರ ಪೇಶಂಟ್ ಕೇಳಬೇಕು. ಜಟ್ಟೆಪ್ಪ, ಗಾಡಿ ಕರಿ" ಎಂದರು.

ಜಟ್ಟೆಪ್ಪ ಆ್ಯಂಬುಲೆನ್ಸಿನ ಜೊತೆ ಇನ್ನೂ ಮೂರು ಜನ ಲೋಡಿಂಗಿನವರನ್ನು ಕರೆತಂದ. ದೊಡ್ಡ ಫರಸಿಯನ್ನು ಮಟ್ಟ ತಪ್ಪಿದರೆ ಬಿರುಕು ಬಿಡುತ್ತದೆಂದು ಹೇಗೆ ಎತ್ತುತ್ತಾರೋ ಹಾಗೇ, ಒಂದೇ ಉಸಿರಿಗೆ, ಮೈಕೆಳಗೆ ಹಲಗೆ ಕೊಟ್ಟು ಎತ್ತಿದರು. "ತುದಿ ಎತ್ತರ ಆಗಬಾರ್ದು, ತುದಿ" ಎಂದು ಜಟ್ಟೆಪ್ಪ ಹೇಳುತ್ತಲೇ ಇದ್ದ. ಬಾಗಿಲು ದಾಟುವಾಗ ಡಾಕ್ಟರರು ಒಮ್ಮೆಯೂ ನರಳಲಿಲ್ಲ. ಕಲಬುರಗಿ ದಾರಿಯಲ್ಲಿ, ಆ್ಯಂಬುಲೆನ್ಸಿನಲ್ಲಿ ನಾವಿಬ್ಬರೇ ಇದ್ದಾಗ ನರಳಿದರು. ನನ್ನ ಎದುರಿಗೇ.

ನವೆಂಬರ್ 23, ಶನಿವಾರ

ಟೆಸ್ಟ್ ಆಯಿತು, ಇಸಿಜಿ ಆಯಿತು. ನಾಳೆ ಆಪರೇಶನ್. ಇಲ್ಲಿನ ನರ್ಸುಗಳಿಗೆ ಸಲೈನ್ ಹಚ್ಚಲು ಸರಿಯಾಗಿ ಬರುವುದಿಲ್ಲ. ಚಾದರದ ಮೂಲೆ ಮಡಚುವುದಂತೂ ಯಾರೂ ಕಲಿಸಿಲ್ಲ. ನಾನೇ ಬಿಚ್ಚಿ ಹಾಸಿದೆ.

ನವೆಂಬರ್ 25, ಸೋಮವಾರ

ಆಪರೇಶನ್ ಚೆನ್ನಾಗಿ ಆಯಿತು. ಕೀಲಿಗೆ ಹೊಸ ಗುಂಡು ಕೂರಿಸಿದ್ದಾರೆ. ನಾಳೆ ನಿಲ್ಲಿಸುತ್ತಾರಂತೆ.

ನಿನ್ನೆ ಥಿಯೇಟರಿಗೆ ಹೋಗುವ ಮೊದಲು ಗುಳಿಗೆಗೆಂದು ಬಾಯಿ ತೆರೆದರು. ಆಪರೇಶನ್ ಮೊದಲು ಹೊಟ್ಟೆ ಖಾಲಿ ಇರಬೇಕು, ಸಕ್ಕರೆ ಕಾಳೂ ಕೊಡಬಾರದು. ಅದು ನನಗೆ ಗೊತ್ತಿಲ್ಲದ್ದಲ್ಲ. ಶೀಶೆ ತೋರಿಸಿ, "ಇದರ ವಾಸನಿ ತಗೊಂಡ್ರೂ ಸಾಕಂತ ನೀವೇ ಹೇಳ್ತಿದ್ರಿ" ಎಂದೆ. ಮೂಗಿಗೆ ಹಿಡಿದೆ. ವಾಸನೆ ಎಳೆದುಕೊಂಡು ತಲೆಯಾಡಿಸಿ ಒಳಗೆ ಹೋದರು.

ಇವತ್ತು ಬೆಳಗ್ಗೆ ರೌಂಡ್ಸಿಗೆ ಒಬ್ಬ ಎಳೆಯ ಡಾಕ್ಟರ್ ಬಂದ, ಹಿಂದೆ ನಾಲ್ಕು ಜನ ವಿದ್ಯಾರ್ಥಿಗಳು. ಗಾಯ ನೋಡಿ ಆದ ಮೇಲೆ ಅವನ ಕಣ್ಣಿಗೆ ದಿಂಬಿನ ಪಕ್ಕದ ಶೀಶೆ ಬಿತ್ತು. ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ಓದಿದ.

"ಆರ್ನಿಕಾ. ಯಾವುದೋ ಬೆಟ್ಟದ ಹೂವು. ಇದರಲ್ಲಿ ಹೂವಿನ ಒಂದು ಕಣ ಇದ್ದರೆ ಯಾರಾದರೂ ಹುಡುಕಿಕೊಡಿ" ಎಂದು ವಿದ್ಯಾರ್ಥಿಗಳ ಕಡೆ ತಿರುಗಿದ. ಅವರು ನಕ್ಕರು. "ಈ ಕಾಲದಲ್ಲೂ ಇದನ್ನು ನುಂಗುವವರಿದ್ದಾರೆ. ಯಾರದಿದು?"

ಒಳ್ಳೆಯ ಮಾತೇನೂ ಅಲ್ಲ, ಅದಕ್ಕಿಂತ ಚೆನ್ನಾಗಿ ನಾನು ಹೇಳಬಲ್ಲೆ. ಮಂಚದ ಮೇಲೆ ಡಾಕ್ಟರ್ ಭೀಮಶ್ಯಾ ಚಾದರವನ್ನು ಗದ್ದದವರೆಗೆ ಎಳೆದುಕೊಂಡು ಸೂರು ನೋಡುತ್ತಿದ್ದರು.

"ನಂದು" ಎಂದೆ.

ಎಳೆಯ ಡಾಕ್ಟರನಿಗೆ ನಾನು ಯಾರೆಂದು ಗೊತ್ತಿತ್ತು, ಚಾದರದ ವಿಷಯಕ್ಕೆ ಮೊನ್ನೆಯೇ ಬೈಸಿಕೊಂಡಿದ್ದ. "ನಿಮ್ಮದಾ ಸಿಸ್ಟರ್? ನೀವು ಸರ್ವೀಸಿನಲ್ಲಿದ್ದವರು..."

"ಹೌದು. ಟೊಂಕ ನೋಯ್ತದ. ಮಂಚದಿಂದ ಮಂದಿನ ಎತ್ತಿ ಎತ್ತಿ ಹಿಡಕೊಂಡದ. ಇದು ತಗೊಂಡ್ರ ಆರಾಮ ಅನಸ್ತದ. ಶೀಶೆ ಕೆಳಗ ಇಡ್ರಿ."

ಇಟ್ಟ. ವಿದ್ಯಾರ್ಥಿಗಳನ್ನು ಕರೆದುಕೊಂಡು ಮುಂದಿನ ಮಂಚಕ್ಕೆ ಹೋದ. ನಾನು ಹಾಗೆ ಯಾಕೆ ಹೇಳಿದೆನೋ ತಿಳಿಯದು. ಎರಡು ದಿನದಿಂದ ನಿದ್ದೆ ಸರಿಯಾಗಿಲ್ಲ, ಬಾಯಿಗೆ ಬಂದದ್ದು ಬಂತು. ಟೊಂಕ ನೋಯುವುದೇನೋ ಸುಳ್ಳಲ್ಲ.

ಮಂಚದಿಂದ ಧ್ವನಿ ಬಂತು. ಮುದಿ ಗಂಡನ ಧ್ವನಿಯಲ್ಲ, ಮುಂದಿನ ಕೋಣೆಯಲ್ಲಿ ಇಷ್ಟು ವರ್ಷ ಪರದೆಯ ಆಚೆಯಿಂದ ನಾನು ಕೇಳುತ್ತಿದ್ದ ಡಾಕ್ಟರರ ಧ್ವನಿ.

"ಟೊಂಕ ನೋವು ಯಾವಾಗಿಂದ ಅದ?"

"ನಿಮ್ಮನ್ನ ಮದಿವಿ ಆದಾಗಿಂದ" ಎಂದೆ.

ಅವರು ನಗಲಿಲ್ಲ. "ಎಡಕೋ, ಬಲಕೋ?" ಎಂದರು.

ಸ್ಟೂಲು ಎಳೆದುಕೊಂಡು ಹತ್ತಿರ ಕೂತೆ. "ಬಲಕ್ಕ" ಎಂದೆ.